ತೊಂಬತ್ತೊಂದು ಉಂಡೆ

"ಗುರುಗಳೇ, ಹೊನ್ನು ತೋರಿಸಿದರು, ನನ್ನ ಮನಸ್ಸು ಒಡೆಯಲಿಲ್ಲ. ಮೃಷ್ಟಾನ್ನ ಬಡಿಸಿದರು, ಒಡೆಯಲಿಲ್ಲ. ಹಾಡಿ ಹೊಗಳಿದರು, ಆಗಲೂ ಒಡೆಯಲಿಲ್ಲ. ಅಂದಮೇಲೆ ಇದು ಯಾವುದಕ್ಕೂ ಒಡೆಯದ ಮನಸ್ಸು ತಾನೇ? ಬೇರೆ ಮಠ ಕಟ್ಟಿಕೊಂಡು ಜನಕ್ಕೆ ಉಪದೇಶ ಮಾಡಲು ಅಪ್ಪಣೆ ಕೊಡುತ್ತೀರಾ?" ಎಂದು ಶಿಷ್ಯ ಕೇಳಿದ. ಗಂಟುಮೂಟೆ ಆಗಲೇ ಕಟ್ಟಿಟ್ಟಿದ್ದ.

"ಕೊಡೋಣ. ಮೊದಲು ಕೂತು ಒಂದು ಕತೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮಗಳಿಗೆ ಮದುವೆ ಗೊತ್ತಾಯಿತು. ಅವರ ಕುಲದಲ್ಲಿ ಒಂದು ಪದ್ಧತಿ. ಹೆಣ್ಣಿನ ಕಡೆಯವರು ಹರಿವಾಣ ತುಂಬ ಉಂಡೆ ತರಬೇಕು. ಗಂಡಿನ ಕಡೆಯವರು ಅವನ್ನು ಸಮಪಾಲು ಮಾಡಲು ನೋಡಬೇಕು. ಒಂದೂ ಮಿಗದಂತೆ ಪಾಲಾದರೆ ಹೆಣ್ಣಿನ ತಂದೆ ಸೋತ ಹಾಗೆ. ಪಾಲಿಗೆ ಒಂದೊಂದೇ ಉಂಡೆ ಇಟ್ಟರೆ ಅದು ಲೆಕ್ಕಕ್ಕಿಲ್ಲ. ಬೀಗರಿಗೂ ಒಂದಿಷ್ಟು ನಾಚಿಕೆ ಬೇಡವೇ? ಸೋತ ತಂದೆ ವರನ ಸೋದರಮಾವನನ್ನು ಹೆಗಲ ಮೇಲೆ ಹೊತ್ತು ಚಪ್ಪರವನ್ನು ಮೂರು ಸುತ್ತು ಬರಬೇಕು.

ನೇಕಾರ ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಬಗ್ಗಿ ಕೂತವನು. ಅವನ ಸೊಂಟ ಒಂದು ಬಿಂದಿಗೆ ನೀರನ್ನೂ ತಾಳುತ್ತಿರಲಿಲ್ಲ. ಆ ಸೋದರಮಾವನೋ, ಗಾಡಿ ಹತ್ತಿದರೆ ಎತ್ತುಗಳು ಹಿಂತಿರುಗಿ ನೋಡುವಂಥ ಆಸಾಮಿ. ನೇಕಾರನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಹೆಂಡತಿ ತೊಂಬತ್ತು ಉಂಡೆ ಕಟ್ಟಿದಳು.

"ತೊಂಬತ್ತು ಬೇಡ. ಅದು ಯಾರು ಕರೆದರೂ ಹಿಂದೆ ಹೋಗುವ ಸಂಖ್ಯೆ. ಎರಡು ಕರೆದರೂ ಹೋಗುತ್ತದೆ, ಮೂರು ಕರೆದರೂ ಹೋಗುತ್ತದೆ. ಐದು, ಆರು, ಒಂಬತ್ತು, ಹತ್ತು, ಯಾರಿಗೂ ಇಲ್ಲವೆನ್ನದು. ಇನ್ನೊಂದು ಕಟ್ಟು" ಎಂದ.

ತೊಂಬತ್ತೊಂದಾಯಿತು. ನೆಲದ ಮೇಲೆ ಹರಡಿ ಪಾಲು ಮಾಡಿ ನೋಡಿದ. ಎರಡು ಪಾಲಿಗೆ ಒಂದು ಮಿಕ್ಕಿತು. ಮೂರಕ್ಕೂ ಒಂದು. ನಾಲ್ಕಕ್ಕೆ ಮೂರು ಮಿಕ್ಕವು. ಐದಕ್ಕೆ ಒಂದು, ಆರಕ್ಕೂ ಒಂದು. ಅಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಗೋಡೆ ಹಿಡಿದು ಎದ್ದ.

"ಏನೂಂದ್ರೆ, ಏಳನ್ನೂ ಒಂದು ಸಲ ನೋಡಿಬಿಡಿ" ಎಂದಳು ಹೆಂಡತಿ.

"ಇಷ್ಟು ಜನರ ಕೈಲಿ ಆಗದ್ದು ಏಳರ ಕೈಲಿ ಆದೀತೇ? ನೂಲೆಣಿಸಿ ತಲೆ ನರೆತವನಿಗೆ ಲೆಕ್ಕ ಹೇಳಿಕೊಡಬೇಡ."

ಮದುವೆಯ ದಿನ ಬೀಗರೂ ಎರಡರಿಂದ ಆರರವರೆಗೆ ಹಂಚಿ ನೋಡಿ ತಲೆ ಕೆರೆದುಕೊಂಡರು. ನೇಕಾರ ಮೀಸೆ ತಿರುವಿದ. ಸೋದರಮಾವ ಪೆಚ್ಚಾಗಿ, ಹೆಗಲೇರಲೆಂದು ಬಿಚ್ಚಿಟ್ಟಿದ್ದ ಚಪ್ಪಲಿ ಮತ್ತೆ ಮೆಟ್ಟಿಕೊಂಡ.

ಆಗ ವರನ ಅಜ್ಜಿ ಎದ್ದಳು. ಅವಳಿಗೆ ಲೆಕ್ಕ ಬರುತ್ತಿರಲಿಲ್ಲ. "ನಿಮ್ಮ ಆಟ ಮುಗಿಯಿತಲ್ಲ? ನನ್ನ ಸೊಸೆಯಂದಿರು ಬೆಳಗಿನಿಂದ ಹಸಿದಿದ್ದಾರೆ" ಎಂದು ಅವರನ್ನೆಲ್ಲ ಸಾಲಾಗಿ ಕೂರಿಸಿದಳು. ಸೊಸೆಯರು ಏಳು ಜನ. ಹರಿವಾಣ ಹಿಡಿದು ಒಬ್ಬೊಬ್ಬಳ ಮಡಿಲಿಗೂ ಒಂದೊಂದು ಹಾಕುತ್ತ ಸುತ್ತು ಬಂದಳು. ಹದಿಮೂರನೆಯ ಸುತ್ತು ಮುಗಿದಾಗ ಹರಿವಾಣ ಬರಿದಾಗಿತ್ತು. ಯಾರಿಗೂ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಚಪ್ಪರದ ಎರಡನೆಯ ಸುತ್ತಿನಲ್ಲಿ ನೇಕಾರನ ಸೊಂಟ ಕೈಕೊಟ್ಟಿತು. ಪಾಪ, ಮಗಳನ್ನು ಧಾರೆ ಎರೆದದ್ದೂ ಚಾಪೆಯ ಮೇಲೆ ಮಲಗಿಕೊಂಡೇ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ, ಗುರುಗಳೇ! ಆರಕ್ಕೇ ನಿಲ್ಲಿಸಿಬಿಟ್ಟನಲ್ಲ!"

ಗುರುಗಳು ಅವನ ನಗು ಮುಗಿಯುವವರೆಗೆ ಕಾದು ಹೇಳಿದರು: "ಅವನು ಆರರವರೆಗಾದರೂ ನೋಡಿದ, ನೀನು ಮೂರಕ್ಕೇ ನಿಲ್ಲಿಸಿದ್ದೀಯೆ."