ಏಡಿ ಮರಳಿನಲ್ಲಿ ಹುಡುಕುವುದು ಯಾರನ್ನು?

ಲೋಕ ತೀರಾ ಹೊಸದೇನಲ್ಲ, ಆದರೂ ಹೊಸತರ ವಾಸನೆ ಇನ್ನೂ ಹೋಗಿರಲಿಲ್ಲ. ಅಂಥ ಕಾಲ. ಕಡಲಿಗೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಏಡಿಗಳಂತೂ ಬಾಯಿ ಮುಚ್ಚಿದ್ದೇ ಇಲ್ಲ. ಆಗ ಅವು ಬಂಡೆಯ ಸಂದಿಯಲ್ಲಿ ಇರುತ್ತಿದ್ದವು. ಮರಳು ಅಗೆಯುವುದು ಅವಕ್ಕೆ ಗೊತ್ತೇ ಇರಲಿಲ್ಲ.

ಅಲ್ಲಿ ಚುಟುಕಿ ಎಂಬ ಪುಟ್ಟ ಏಡಿ ಇತ್ತು. ಇದ್ದದ್ದು ಉಗುರಿನಷ್ಟು, ಕುತೂಹಲ ಮಾತ್ರ ಊರಗಲ. "ಅದೇನು, ಇದೇಕೆ" ಎಂದು ದಿನವಿಡೀ ಕಡಲಮ್ಮನ ತಲೆ ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಒದ್ದೆ ಮರಳಿನ ಮೇಲೆ ಒಬ್ಬ ಏದುಸಿರು ಬಿಡುತ್ತ ಓಡಿ ಬಂದ. ಅವನ ಹೆಸರು ಎಲಿಯಾಬ. ಯೇಸುವಿನ ಕಥೆ ಹೇಳಲು ಹಾಯಿಹಡಗು ಹತ್ತಿ ಆ ತೀರಕ್ಕೆ ಬಂದ ಮೊದಲಿಗ. ಮೀನುಗಾರರ ಜೊತೆ ಕೂತು ಗಂಜಿ ಉಣ್ಣುತ್ತಿದ್ದ, "ದೇವರಿಗೆ ನಾವೆಲ್ಲ ಒಂದೇ ಮನೆಯ ಮಕ್ಕಳು" ಎನ್ನುತ್ತಿದ್ದ. ಊರೊಡೆಯನಿಗೆ ಅದನ್ನು ಸಹಿಸಲಾಗಲಿಲ್ಲ. ಎಲ್ಲರೂ ಒಂದೇ ಆದರೆ ತನಗೆ ಕೈಮುಗಿಯುವವರು ಯಾರು? ಎಲಿಯಾಬನನ್ನು ಕೊಂದು ಬನ್ನಿ ಎಂದು ಭಟರನ್ನು ಅಟ್ಟಿದ್ದ.

ಎಲಿಯಾಬ ಮರಳಿನಲ್ಲಿ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿ ಏನೋ ಪಿಸುಗುಟ್ಟಿದ. ಆಮೇಲೆ ಎದ್ದು ಕೇದಗೆ ಮೆಳೆಯೊಳಗೆ ಅಡಗಿಕೊಂಡ. ಆದರೆ ಅವನ ಹೆಜ್ಜೆಗಳು ಮೆಳೆಯ ಬುಡದವರೆಗೂ ಅಚ್ಚೊತ್ತಿ ಕೂತಿದ್ದವು.

"ಹೆಜ್ಜೆ ನೋಡಿಕೊಂಡೇ ಬಂದುಬಿಡ್ತಾರಲ್ಲಪ್ಪಾ," ಎಂದು ಕಡಲಮ್ಮ ಹೆದರಿದಳು. "ಅಳಿಸೋಣ ಅಂದ್ರೆ ಇದು ನಾನು ಹಿಂದೆ ಸರಿಯೋ ಹೊತ್ತು."

"ಒದ್ದೆ ಮರಳು, ನನಗೂ ಜಗ್ಗೋದಿಲ್ಲ," ಎಂದಿತು ಗಾಳಿ.

ಚುಟುಕಿಗೆ ಅದು ಯಾವುದೂ ಬೇಕಿರಲಿಲ್ಲ. "ಕಡಲಮ್ಮಾ, ಅವನು ಬಗ್ಗಿ ಯಾರ ಹತ್ತಿರ ಮಾತಾಡಿದ?"

"ದೇವರ ಹತ್ತಿರ ಮರೀ. ಕಾಪಾಡು ಅಂದ."

"ಮರಳಿನ ಕಡೆ ಮುಖ ಮಾಡಿದ್ದನಲ್ಲ. ದೇವರು ಅದರ ಕೆಳಗಿದ್ದಾನಾ?"

"ಅವನಿಲ್ಲದ ಜಾಗ ಎಲ್ಲಿದೆ?" ಎಂದಳು ಕಡಲಮ್ಮ, ಹೆಜ್ಜೆಗಳ ಚಿಂತೆಯಲ್ಲೇ.

ಅಷ್ಟು ಸಾಕಾಯಿತು. ಚುಟುಕಿ ಸರಸರನೆ ಓಡಿ ಮಂಡಿಯ ಗುರುತನ್ನು ಅಗೆಯತೊಡಗಿತು. ಮರಳನ್ನು ಪುಟ್ಟ ಉಂಡೆ ಮಾಡಿ ಆಚೆ ಇಟ್ಟಿತು. ಇನ್ನೊಂದು ಉಂಡೆ, ಮತ್ತೊಂದು ಉಂಡೆ. ದೇವರು ಕಾಣಲಿಲ್ಲ.

"ಇಲ್ಲಿಲ್ಲ, ಮುಂದಿನ ಹೆಜ್ಜೆಯ ಕೆಳಗಿರಬೇಕು," ಎಂದು ಅಜ್ಜಿಯನ್ನು, ಅತ್ತೆಯನ್ನು, ಚಿಕ್ಕಪ್ಪಂದಿರನ್ನೆಲ್ಲ ಕರೆಯಿತು. ನೂರಾರು ಏಡಿಗಳು ಬಂದು ಅಗೆದವು, ಉಂಡೆ ಕಟ್ಟಿದವು. ಇಲ್ಲಿಲ್ಲ, ಮುಂದಿನ ಹೆಜ್ಜೆ. ಇಲ್ಲಿಲ್ಲ, ಮುಂದಿನ ಹೆಜ್ಜೆ. ಹೀಗೆ ಅವನು ಓಡಿ ಬಂದ ದಾರಿಯ ಹೆಜ್ಜೆಗಳನ್ನೂ ಬಿಡದೆ ಮೆಳೆಯ ಬುಡದವರೆಗೂ ಹೋದವು.

ಭಟರು ಬಂದರು. ಕಣ್ಣು ಹಾಯಿಸಿದಷ್ಟೂ ಉಂಡೆ, ಬರೀ ಉಂಡೆ.

"ಈ ಕಡೆ ಯಾರೂ ಕಾಲಿಟ್ಟ ಹಾಗಿಲ್ಲ ಮಾರಾಯ," ಎಂದ ಒಬ್ಬ.

"ಸುಮ್ಮನೆ ಕಾಲು ಸವೆಸಿದ್ದಾಯ್ತು, ನಡಿ," ಎಂದ ಇನ್ನೊಬ್ಬ. ಬಂದ ದಾರಿಯಲ್ಲೇ ಹೊರಟುಹೋದರು.

ಎಲಿಯಾಬ ಮೆಳೆಯಿಂದ ಹೊರಬಂದು ಆ ಉಂಡೆಗಳನ್ನು ನೋಡಿದ. ಅವನ ಕಣ್ಣು ತುಂಬಿತು. ಬಾಗಿ ಚುಟುಕಿಯನ್ನು ಅಂಗೈಗೆ ತೆಗೆದುಕೊಂಡ.

"ಎಷ್ಟು ಅಗೆದರೂ ನಿನ್ನ ದೇವರು ಸಿಗಲೇ ಇಲ್ಲ," ಎಂದು ಚುಟುಕಿ ಮುಖ ಸಣ್ಣ ಮಾಡಿತು.

"ನನಗೆ ಸಿಕ್ಕಿದ ಮರೀ," ಎಂದ ಎಲಿಯಾಬ. "ನೀನು ಅಗೆಯುತ್ತಿದ್ದಾಗಲೇ ಸಿಕ್ಕಿದ."

ಚುಟುಕಿಗೆ ಅದು ಅರ್ಥವಾಗಲಿಲ್ಲ. ಮತ್ತೆ ಕೆಳಗಿಳಿದು ಅಗೆಯತೊಡಗಿತು.

ಅದಕ್ಕೇ ಕಂದಾ, ಕಡಲು ಹಿಂದೆ ಸರಿದಾಗ ಮರಳಿನ ತುಂಬ ಈ ಸಣ್ಣ ಉಂಡೆಗಳು ಕಾಣುವುದು: ಏಡಿಗಳು ಇನ್ನೂ ಹುಡುಕುತ್ತಿವೆ, ನಿನ್ನ ಹೆಜ್ಜೆಯ ಕೆಳಗೂ ಒಮ್ಮೆ ನೋಡಿಬಿಡುತ್ತವೆ.