ಗಾಣದ ಮನೆಯ ನೀಲಗಂಗವ್ವ

ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ, ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ. ಗಾಣಿಗರ ಮನೆಯ ಹೆಂಗಸು. ಗಂಡ ಹೋದ, ಗಾಣ ನಿಂತಿತು, ಗಾಣದ ಮನೆ ಬರಿದಾಯಿತು. ಆ ಬರಿ ಮನೆಗೆ ಆಕೆ ಊರವರು ಬಿಸಾಡಿದ್ದನ್ನೆಲ್ಲ ತಂದು ತುಂಬತೊಡಗಿದಳು. ತೂತುಬಿದ್ದ ತಂಬಿಗೆ, ಮಗ್ಗದ ಮುರಿದ ಲಾಳಿ, ಒಂಟಿ ಕಾಲ್ಗಡಗ. ಸುಮ್ಮನೆ ತರುತ್ತಿರಲಿಲ್ಲವಂತೆ. ಮೊದಲು ಬಿಸಾಡಿದವರ ಮನೆಯ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು.

"ಇದು ಯಾರದವ್ವಾ? ಇದರಿಂದ ಏನ್ ಮಾಡತಿದ್ರು? ಇಲ್ಲ್ಯಾಕ ಸೀಳೈತಿ?"

ಹೇಳುವ ತನಕ ಏಳುತ್ತಿರಲಿಲ್ಲ. ಕೇಳಿದ್ದನ್ನು ಮರೆಯುತ್ತಲೂ ಇರಲಿಲ್ಲ. ಕೊಡದ ಕುತ್ತಿಗೆಯ ಹಗ್ಗದ ಗೆರೆ ನೋಡಿ ಅದು ಯಾವ ಬಾವಿಗೆ ಇಳಿದದ್ದು ಅನ್ನುತ್ತಿದ್ದಳಂತೆ. ಕುಡುಗೋಲಿನ ಹಿಡಿ ಮುಟ್ಟಿ, ಹಿಡಿದವರು ಕುಳ್ಳರೋ ಎತ್ತರದವರೋ ಹೇಳುತ್ತಿದ್ದಳಂತೆ. ಎಷ್ಟು ನಿಜವೋ, ಎಷ್ಟು ಬಾಯಿಂದ ಬಾಯಿಗೆ ಬೆಳೆದದ್ದೋ. ಒಂದನ್ನು ಮಾತ್ರ ಎಲ್ಲರೂ ಒಪ್ಪುತ್ತಾರೆ: ಒಳಗೆ ಬಂದ ಸಾಮಾನು ಹೊರಗೆ ಹೋಗುತ್ತಿರಲಿಲ್ಲ. ಊರಗೌಡನೇ ಬಂದು ತನ್ನಜ್ಜ ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತು ಕೇಳಿದಾಗಲೂ, "ನೋಡಾಕ ದಿನಾ ಬರ್ರಿ ಗೌಡ್ರ, ಒಯ್ಯಾಕ ಬ್ಯಾಡ್ರಿ" ಅಂದಳಂತೆ.

ಒಂದು ಸಲ ಊರಿಗೆ ಬೇನೆ ಬಂತು. ಸೊಸೆಯಾಗಿ ಬಂದು ನಾಕೇ ವರ್ಷವಾಗಿದ್ದ ಸಾತವ್ವ, ಆಕೆಯ ಗಂಡ, ಇಬ್ಬರೂ ಒಂದೇ ವಾರದಲ್ಲಿ ಹೋದರು. ತೊಟ್ಟಿಲ ಕೂಸನ್ನು ದೂರದೂರಿನ ಸೋದರತ್ತೆ ಒಯ್ದಳು. ಮನೆ ಬಿತ್ತು. ಆ ಮಣ್ಣಲ್ಲಿ ಸಿಕ್ಕ ಕಟ್ಟಿಗೆಯ ಸೌಟೊಂದನ್ನು ನೀಲಗಂಗವ್ವ ತಂದು ಗೂಟಕ್ಕೆ ತೂಗುಹಾಕಿದಳು. ಸಾತವ್ವ ತವರಿಂದ ತಂದದ್ದು ಅಂತ ನೆರೆಯವರು ಹೇಳಿದ್ದರಂತೆ.

ಎಷ್ಟೋ ವರ್ಷದ ಮೇಲೆ ಆ ಕೂಸು, ಮಾಲವ್ವ, ದೊಡ್ಡ ಹೆಂಗಸಾಗಿ ಊರಿಗೆ ಬಂದಳು. ಅವ್ವ ಹೇಗಿದ್ದಳು ಅಂತ ಮನೆಮನೆ ಕೇಳಿದಳು. ಬೇನೆಯಲ್ಲಿ ಉಳಿದವರೇ ಕಡಿಮೆ. ಒಳ್ಳೆಯವಳಿದ್ದಳು ಅನ್ನುವುದಕ್ಕಿಂತ ಹೆಚ್ಚು ಯಾರಿಗೂ ನೆನಪಿರಲಿಲ್ಲ. ಕೊನೆಗೆ ಗಾಣದ ಮನೆಗೆ ಬಂದಳು.

ನೀಲಗಂಗವ್ವನಿಗೂ ಸಾತವ್ವನ ಮುಖ ಮಸುಕಾಗಿತ್ತು. ಸೌಟು ಇಳಿಸಿ, ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

"ಎಲ್ಲಾರ ಸೌಟು ಈ ಕಡೆ ಸವೀತಾವ. ಇದು ಆ ಕಡೆ ಸವದೈತಿ ನೋಡು. ನಿಮ್ಮವ್ವ ಎಡಚಿ ಇದ್ದಳವ್ವಾ."

ಮಾಲವ್ವ ಎಡಗೈ ಮುಂದೆ ಚಾಚಿದಳು. ಮಣಿಕಟ್ಟಿನ ಮೇಲೆ ಬರೆಯ ಕಲೆ. ಎಡಗೈಯಲ್ಲಿ ಉಂಡಳೆಂದು ಸೋದರತ್ತೆ ಹಾಕಿದ ಬರೆ. ಸೌಟು ಆ ಕೈಯಲ್ಲಿ ಸರಿಯಾಗಿ ಕೂತಿತು.

"ಒಯ್ಯಿ," ಅಂದಳಂತೆ ನೀಲಗಂಗವ್ವ. ಹೊಸ್ತಿಲವರೆಗೂ ಜೊತೆಗೇ ಬಂದು, ಇನ್ನೊಮ್ಮೆ ಸೌಟು ಮುಟ್ಟಿ ನೋಡಿ, ಬಿಟ್ಟುಕೊಟ್ಟಳಂತೆ.

ಊರವರು ಹಳೆಯ ಸಾಮಾನನ್ನು ಈಗಲೂ ಆ ಮನೆಗೇ ತರುತ್ತಾರೆ. ಎಷ್ಟೇ ತುಂಬಲಿ, ಆ ಒಂದು ಗೂಟಕ್ಕೆ ಏನೂ ತೂಗುಹಾಕುವುದಿಲ್ಲ. ಮತ್ತೆ ಆ ಊರಲ್ಲಿ ಕೂಸು ಎಡಗೈಯಲ್ಲಿ ತುತ್ತೆತ್ತಿದರೆ ಯಾರೂ ಗದರುವುದಿಲ್ಲ. ಸಾತವ್ವನ ಕೈ ಬಂದೈತಿ ಅಂತ ನಗುತ್ತಾರೆ.