ಇತಾಮಾರನ ಹೆಸರುಗಳು

ನದಿಯ ದಡದ ಒಂದು ಊರಿನಲ್ಲಿ ರಬ್ಬಿ ಓಬದ್ಯ ಎಂಬ ಗುರುಗಳಿದ್ದರು. ಸುತ್ತಮುತ್ತಲಿನ ಯೆಹೂದಿಗಳ ಮದುವೆಯ ಕರಾರು, ತ್ಯಾಗಪತ್ರ ಎಲ್ಲವನ್ನೂ ಬರೆಯುತ್ತಿದ್ದವರು ಅವರೇ.

ಅವರ ಶಿಷ್ಯ ಎಲಾಜಾರ್.

ಗಂಡ ಹೆಂಡತಿಯನ್ನು ಬಿಡುವಾಗ ಕೊಡುವುದು ತ್ಯಾಗಪತ್ರ. ಅದರಲ್ಲಿ ಹೆಸರು ತಪ್ಪಿದರೆ ಪತ್ರ ನಿಲ್ಲುವುದಿಲ್ಲ. ಪತ್ರ ನಿಲ್ಲದಿದ್ದರೆ ಆ ಹೆಂಗಸು ಅತ್ತ ಗಂಡನೂ ಇಲ್ಲದೆ ಇತ್ತ ಬಿಡುಗಡೆಯೂ ಇಲ್ಲದೆ ಉಳಿದುಬಿಡುತ್ತಾಳೆ. ಹಾಗಾಗಿ ಹುಟ್ಟಿದಾಗ ಇಟ್ಟ ಹೆಸರು, ಮನೆಯಲ್ಲಿ ಕರೆಯುವ ಹೆಸರು, ಪರವೂರಿನ ಹೆಸರು, ಅಡ್ಡಹೆಸರು ಎಲ್ಲವನ್ನೂ ಮೊದಲು ವಿಚಾರಿಸಿಕೊಂಡು ಬರಬೇಕು. ಆ ಕೆಲಸ ಎಲಾಜಾರನದು.

ಒಂದು ಬೆಳಿಗ್ಗೆ ಗುರುಗಳು ಹೇಳಿದರು: “ದೋಣಿಕಟ್ಟೆಯ ಛತ್ರದಲ್ಲಿ ಒಬ್ಬ ಬಂದಿಳಿದಿದ್ದಾನೆ. ಹೆಂಡತಿಗೆ ತ್ಯಾಗಪತ್ರ ಕೊಡುತ್ತಾನಂತೆ. ಹೋಗಿ ಹೆಸರು ಕೇಳಿಕೊಂಡು ಬಾ.”

“ಯಾರು, ಗುರುಗಳೇ?”

“ನಿನ್ನ ತಂದೆ.”

ಎಲಾಜಾರ್ ಕೈಯಲ್ಲಿದ್ದ ಮಸಿಕುಡಿಕೆಯನ್ನು ಕೆಳಗಿಟ್ಟ.

ಅವನು ತೊದಲು ಮಾತಾಡುವ ವಯಸ್ಸಿನಲ್ಲೇ ತಂದೆ ವ್ಯಾಪಾರಕ್ಕೆಂದು ದೋಣಿ ಹತ್ತಿ ಹೋಗಿದ್ದ. ಆಮೇಲೆ ಸುದ್ದಿಯೇ ಇರಲಿಲ್ಲ. ತಾಯಿ ಸೆರಹ ಊರವರ ಬಟ್ಟೆ ಹೊಲಿದು ಮಗನನ್ನು ಸಾಕಿದಳು. ಅವಳನ್ನು ಮದುವೆಗೆ ಕೇಳಿದವರೂ ಇದ್ದರು. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಅವಳು ಯಾರಿಗೂ ಹೂಂ ಅನ್ನುವಂತಿರಲಿಲ್ಲ.

“ಬೇರೆ ಯಾರನ್ನಾದರೂ ಕಳಿಸಿ.”

“ಹೆಸರು ಕೇಳುವ ಕೆಲಸ ಯಾರದು?”

“ನನ್ನದು.”

“ಹಾಗಿದ್ದರೆ ಹೋಗು.”

ಛತ್ರದ ಜಗಲಿಯ ಮೇಲೆ ನರೆತ ಗಡ್ಡದವನೊಬ್ಬ ಒಣರೊಟ್ಟಿ ಮುರಿಯುತ್ತಾ ಕೂತಿದ್ದ. ಎಲಾಜಾರ್ ನಿಂತೇ ಕೇಳಿದ: “ನಿಮ್ಮ ಹೆಸರು?”

ಅವನು ತಲೆಯೆತ್ತಿದ. ನೋಡಿದ. ನೋಡುತ್ತಲೇ ಇದ್ದ. “ನೀನು ಸೆರಹಳ...”

“ಹೆಸರು ಹೇಳಿ. ಬರೆಯುವವರು ಕಾಯುತ್ತಿದ್ದಾರೆ.”

“ಇತಾಮಾರ್.”

“ಬೇರೆ?”

“ಕೆಳಗಿನ ಬಂದರಿನಲ್ಲಿ ಸಾಲಿಮ್ ಅನ್ನುತ್ತಾರೆ. ಅಲ್ಲಿ ಬಟ್ಟೆಗೆ ಬಣ್ಣ ಹಾಕುತ್ತೇನೆ. ಈ ಕೈ ನೋಡಿ ನೀಲಿ ಸಾಲಿಮ್ ಅಂತಲೂ ಕರೆಯುತ್ತಾರೆ.”

“ಮನೆಯಲ್ಲಿ?”

“ಯಾವ ಮನೆಯಲ್ಲಿ?”

“ತಂದೆಯ ಹೆಸರು?” ಎಂದ ಎಲಾಜಾರ್.

“ಸಾದೋಕ್. ನಿನ್ನ ತಾತ, ನಿನಗೆ ಗೊತ್ತಿಲ್ಲವೇ?”

“ನಿಮ್ಮ ಬಾಯಿಂದಲೇ ಬರಬೇಕು. ಯಾಜಕ ಅಂತಲೂ ಬರೆಯಬೇಕಲ್ಲ?”

“ಅದೊಂದು ಬೇಡ. ಬಿಟ್ಟುಬಿಡು.”

ಯೆಹೂದಿಗಳ ಹಳೆಯ ಮಹಾದೇವಾಲಯದಲ್ಲಿ ಸೇವೆ ಮಾಡುತ್ತಿದ್ದ ಯಾಜಕರ ವಂಶ ಅವರದು. ಆ ದೇವಾಲಯ ನಾಶವಾಗಿ ಎಷ್ಟೋ ಕಾಲವಾದರೂ ಪತ್ರಗಳಲ್ಲಿ ಅಂಥವರ ಹೆಸರಿನ ಜೊತೆ ಯಾಜಕ ಎಂದು ಬರೆಯುವುದುಂಟು. ತಂದೆಯಿಂದ ಮಗನಿಗೆ ಹುಟ್ಟಿನಿಂದಲೇ ಬರುವ ಪದವಿ ಅದು.

ಎಲಾಜಾರ್ ಹಿಂತಿರುಗಿ ಎಲ್ಲವನ್ನೂ ಒಪ್ಪಿಸಿದ. “ಯಾಜಕ ಅಂತ ಬೇಡವಂತೆ, ಗುರುಗಳೇ. ನನಗೂ ಅದೇ ಸರಿ ಅನ್ನಿಸಿತು. ಹೆಂಡತಿ ಮಗುವನ್ನು ಬಿಟ್ಟು ಹೋದವನಿಗೆ ಆ ಯೋಗ್ಯತೆ ಎಲ್ಲಿಯದು?”

“ಅವನು ಕುಂಟನಾಗಿದ್ದರೆ, ಕುಂಟ ಅನ್ನಿಸಿಕೊಳ್ಳುವ ಯೋಗ್ಯತೆ ಇದೆಯೇ ಅಂತ ಕೇಳುತ್ತಿದ್ದೆಯಾ?” ಎಂದರು ಗುರುಗಳು.

ಮರುದಿನ ಇತಾಮಾರ್ ಬಂದ. ಸೆರಹ ಬಂದಳು. ಇಬ್ಬರು ಸಾಕ್ಷಿಗಳು ಬಂದು ಕೂತರು. ಎಲಾಜಾರ್ ಬಾಗಿಲ ಪಕ್ಕ ನಿಂತ.

ಗುರುಗಳು ಕೇಳಿದರು: “ಯಾಜಕ ಅಂತ ಯಾಕೆ ಬೇಡ?”

“ಆ ಬಂದರಿನಲ್ಲಿ ಅದು ಯಾರಿಗೂ ಗೊತ್ತಿಲ್ಲ, ರಬ್ಬಿಗಳೇ.”

“ನೀಲಿ ಸಾಲಿಮ್ ಈ ಊರಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಬರೆಯುತ್ತೇನೆ. ಕಾರಣ ಹೇಳು.”

ಇತಾಮಾರ್ ತನ್ನ ನೀಲಿ ಕೈಗಳನ್ನೇ ನೋಡಿಕೊಂಡ. “ಉಳಿದವರಾದರೆ ಬಿಟ್ಟ ಹೆಂಡತಿಯನ್ನು ಮತ್ತೆ ಮದುವೆಯಾಗಬಹುದು. ಯಾಜಕನಿಗೆ ಆಗುವುದಿಲ್ಲ. ಮುಂದೆ ಎಂದಾದರೂ ನಾನು...”

ತಂದೆ ನಾಚಿಕೆಯಿಂದ ಬೇಡವೆನ್ನುತ್ತಿದ್ದಾನೆ ಎಂದು ಎಲಾಜಾರ್ ಅಂದುಕೊಂಡಿದ್ದ. ಇದು ಆಸೆ. ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

“ಬರೆಯದೆ ಇದ್ದರೆ ನೀನು ಯಾಜಕನಲ್ಲದೆ ಹೋಗುತ್ತೀಯಾ?” ಎಂದರು ಗುರುಗಳು.

“ಇಲ್ಲ.”

“ಮತ್ತೆ?”

“ಬರೆದದ್ದನ್ನು ಕಣ್ಣಾರೆ ನೋಡುವುದು ಬೇಡ ಅಂತ.”

ಅಲ್ಲಿಯವರೆಗೆ ಸುಮ್ಮನಿದ್ದ ಸೆರಹ ಬಾಯಿ ತೆರೆದಳು. “ಬರೆಯಿರಿ, ರಬ್ಬಿಗಳೇ. ಹೋಗುವಾಗ ಇವರು ಬಾಗಿಲು ಹಾಕಿಕೊಂಡು ಹೋಗಲಿಲ್ಲ. ಇಷ್ಟು ವರ್ಷ ಆ ಗಾಳಿಗೆ ಕೂತವಳು ನಾನು.”

ಬರೆಯಿರಿ ಎಂದು ಗಂಡನೇ ಹೇಳಬೇಕು, ಅದು ನಿಯಮ. ಗುರುಗಳು ಲೇಖನಿ ಹಿಡಿದು ಕಾದರು.

“ಬರೆಯಿರಿ,” ಎಂದ ಇತಾಮಾರ್.

ಗುರುಗಳು ಬರೆದರು. ಊರಿನ ಹೆಸರು, ಊರು ಕೂತಿರುವ ನದಿಯ ಹೆಸರು. ಸಾಲಿಮ್ ಎಂದೂ ನೀಲಿ ಸಾಲಿಮ್ ಎಂದೂ ಕರೆಸಿಕೊಳ್ಳುವ ಇತಾಮಾರ್, ಸಾದೋಕನ ಮಗ, ಯಾಜಕ. ಒಂದಕ್ಷರವನ್ನೂ ಅವಸರದಲ್ಲಿ ಬರೆಯಲಿಲ್ಲ.

ಸಾಕ್ಷಿಗಳು ಸಹಿ ಹಾಕಿದರು. ಇತಾಮಾರ್ ಪತ್ರವನ್ನು ಸೆರಹಳ ಬೊಗಸೆಗೆ ಹಾಕಿದ. “ಇಗೋ ನಿನ್ನ ತ್ಯಾಗಪತ್ರ. ಇನ್ನು ನೀನು ಯಾರನ್ನು ಬೇಕಾದರೂ ಮದುವೆಯಾಗಬಹುದು.” ಕೊನೆಯ ಮಾತು ಸರಿಯಾಗಿ ಕೇಳಿಸಲಿಲ್ಲ. ಗುರುಗಳು ಇನ್ನೊಮ್ಮೆ ಹೇಳಿಸಿದರು. ಹೇಳಿದ.

ಸೆರಹ ಅಳಲಿಲ್ಲ. ಅಂಗಳ ದಾಟಿ ಬೀದಿಗೆ ಇಳಿದ ಮೇಲೆ ಒಂದು ಕ್ಷಣ ನಿಂತು, ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು ಹೊರಟಳು. ಇತಾಮಾರ್ ಇನ್ನೊಂದು ದಿಕ್ಕಿಗೆ ಹೋದ.

ಎಲ್ಲರೂ ಹೋದ ಮೇಲೆ ಎಲಾಜಾರ್ ಗುರುಗಳ ಮುಂದೆ ಬಂದು ಕೂತ.

“ಗುರುಗಳೇ, ಇನ್ನು ಮುಂದೆ ಸಹಿ ಹಾಕುವಾಗ ನಾನು ತಂದೆಯ ಹೆಸರು ಬರೆಯುವುದಿಲ್ಲ. ತಾತನ ಹೆಸರು ಬರೆಯುತ್ತೇನೆ.”

“ಬರೆ, ನೋಡೋಣ.”

ಎಲಾಜಾರ್, ಸಾದೋಕನ ಮೊಮ್ಮಗ, ಯಾಜಕ ಎಂದು ಅವನು ಬರೆದ.

ಗುರುಗಳು ಕೊನೆಯ ಪದದ ಮೇಲೆ ಬೆರಳಿಟ್ಟರು. “ಇದು ನಿನಗೆ ಯಾರಿಂದ ಬಂತು?”

“ತಾತನಿಂದ.”

“ತಾತನಿಂದ ನಿನ್ನವರೆಗೆ?”

ಎಲಾಜಾರ್ ಹಾಳೆಯನ್ನು ನೋಡುತ್ತಾ ಕೂತ. ಮಸಿ ಒಣಗಿತು.

“ಅಮ್ಮನಿಗೆ ಬಿಡುಗಡೆ ಸಿಕ್ಕಿತು,” ಎಂದ ಕೊನೆಗೆ. “ನನಗೂ ಒಂದು ಬರೆದುಕೊಡಿ.”

ಗುರುಗಳು ಮಸಿಕುಡಿಕೆಯ ಮುಚ್ಚಳ ಹಾಕಿದರು.

“ಹೆಂಡತಿಯನ್ನು ಗಂಡನಿಂದ ಬಿಡಿಸುವ ಪತ್ರ ಬರೆಯಲು ನನಗೆ ಬರುತ್ತದೆ. ಮಗನನ್ನು ತಂದೆಯಿಂದ ಬಿಡಿಸುವ ಪತ್ರವನ್ನು ನನಗೆ ಯಾರೂ ಕಲಿಸಲಿಲ್ಲ.”